ಉಂಗುರದ ಕಲ್ಲು ಯಾರನ್ನು ಕಾಯುತ್ತೆ?

ಪರೀಕ್ಷೆ ಹತ್ತಿರ ಬಂತು ಅಂದ್ರೆ ನಮ್ಮಲ್ಲಿ ಕೆಲವರಿಗೆ ಊರಿಂದ ಫೋನ್ ಬರುತ್ತೆ: "ಬುಧ ಸರಿಯಿಲ್ವಂತೆ ಮಗಾ, ಒಂದು ಪಚ್ಚೆ ಉಂಗುರ ಹಾಕ್ಕೋ." ಶನಿಗೆ ನೀಲ, ಗುರುವಿಗೆ ಪುಷ್ಯರಾಗ, ರಾಹುವಿಗೆ ಗೋಮೇಧಿಕ. ನವರತ್ನದ ಈ ಲೆಕ್ಕ ನಮ್ಮ ಮನೆಗಳಲ್ಲಿ ಬಾಯಿಪಾಠ. ಅದನ್ನು ಗೇಲಿ ಮಾಡುವ ಉದ್ದೇಶ ನಮಗಿಲ್ಲ. ಆದರೆ ನಾವಿರುವ ದೇಶದಲ್ಲೇ ಸಿಗುವ ಒಂದು ಕಲ್ಲಿನ ಕಥೆ ಎಲ್ಲರಿಗೂ ತಿಳಿದಿರಲಿ ಅನ್ನಿಸುತ್ತೆ.

ಸೌತ್ ಬಿ ಪಕ್ಕದಲ್ಲೇ ಹಾದುಹೋಗುವ ಮೊಂಬಾಸಾ ರಸ್ತೆ ಹಿಡಿದು 300 ಕಿಲೋಮೀಟರಿಗೂ ಹೆಚ್ಚು ಹೋದರೆ ಟೈಟಾ ಟವೇಟಾ ಕೌಂಟಿಯ ವೋಯಿ ಪಟ್ಟಣ. ಆ ಸೀಮೆಯಲ್ಲಿ ಸಿಗುವ ಹಸಿರು ಕಲ್ಲು ತ್ಸಾವೊರೈಟ್. ಭೂವಿಜ್ಞಾನಿ ಕ್ಯಾಂಬೆಲ್ ಬ್ರಿಡ್ಜಸ್ 1967ರಲ್ಲಿ ಇದನ್ನು ಟಾಂಜಾನಿಯಾದಲ್ಲಿ ಕಂಡರು, ಆಮೇಲೆ ಕೆನ್ಯಾದಲ್ಲೂ ಪತ್ತೆ ಮಾಡಿದರು. 1974ರಲ್ಲಿ ನ್ಯೂಯಾರ್ಕಿನ ಟಿಫನಿ ಕಂಪನಿ ತ್ಸಾವೊ ರಾಷ್ಟ್ರೀಯ ಉದ್ಯಾನದ ಹೆಸರನ್ನೇ ಇದಕ್ಕಿಟ್ಟು ಮಾರಾಟಕ್ಕೆ ತಂದಿತು.

ಸ್ವಾರಸ್ಯ ಏನಪ್ಪಾ ಅಂದ್ರೆ, ನಮ್ಮ ಗೋಮೇಧಿಕವೂ ಈ ತ್ಸಾವೊರೈಟೂ ಒಂದೇ ಖನಿಜ: ಗ್ರಾಸುಲರ್ ಗಾರ್ನೆಟ್. ಗೋಮೇಧಿಕದ್ದು ಜೇನಿನ ಬಣ್ಣ. ವೆನೇಡಿಯಂ, ಕ್ರೋಮಿಯಂ ಅಂಶ ಸೇರಿದ್ದು ಹಸಿರು. ಒಂದಕ್ಕೆ ರಾಹುವಿನ ಪಟ್ಟ, ಇನ್ನೊಂದಕ್ಕೆ ನವರತ್ನದಲ್ಲಿ ಜಾಗವೇ ಇಲ್ಲ. ಪಟ್ಟಿ ಮಾಡಿದ ಕಾಲಕ್ಕೆ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅಷ್ಟೇ. ಕಲ್ಲಿನ ಶಕ್ತಿ ನಾವೇ ಹೊರಿಸಿದ್ದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಇನ್ನು ರಕ್ಷಣೆಯ ಮಾತು. 2009ರ ಆಗಸ್ಟಿನಲ್ಲಿ ವೋಯಿ ಬಳಿ, ಗಣಿ ಜಾಗದ ಜಗಳದಲ್ಲಿ ಗುಂಪೊಂದು ಬ್ರಿಡ್ಜಸ್ ಅವರನ್ನು ಕೊಂದುಹಾಕಿತು. ನಲವತ್ತು ವರ್ಷ ಆ ಕಲ್ಲಿನ ಜೊತೆಗೇ ಬದುಕಿದ ಮನುಷ್ಯ! ಅದೇ ಸೀಮೆಯಲ್ಲಿ ಸಣ್ಣ ಗಣಿಗಾರರು ಇವತ್ತಿಗೂ ಹಾರೆ, ಸಲಿಕೆ ಹಿಡಿದು ಗುಂಡಿಗೆ ಇಳಿಯುತ್ತಾರೆ. ಮೇಲಿನ ಮಣ್ಣು ಕುಸಿದರೆ ದೇವರೇ ಗತಿ. ರಕ್ಷಣೆ ಮೊದಲು ಬೇಕಾಗಿರೋದು ಅವರಿಗೆ.

ಹಾಗಂತ ಉಂಗುರ ತೆಗೆದಿಡಿ ಅಂತ ನಾವು ಹೇಳಲ್ಲ. ಅಜ್ಜಿಯ ನೆನಪಿಗೆ ಹಾಕಿಕೊಳ್ಳಿ, ಚಂದಕ್ಕೆ ಹಾಕಿಕೊಳ್ಳಿ, ಅದರಿಂದ ಒಂದಿಷ್ಟು ಧೈರ್ಯ ಬಂದರೆ ಅದೂ ಸಂತೋಷವೇ. ಆದರೆ ಹೆದರಿಸಿ ಮಾರುವ ಕಲ್ಲಿಗೆ ಫೀಸಿನ ದುಡ್ಡು ಸುರಿಯಬೇಡಿ. ಅಪ್ಪ ಅಮ್ಮನಿಗೂ ನಯವಾಗಿ ಹೇಳಿ. ಕೊಳ್ಳಲೇಬೇಕಾದರೆ, ಯಾವ ಗ್ರಹಕ್ಕೆ ಅಂತ ಕೇಳುವಾಗಲೇ ಈ ಕಲ್ಲು ಎಲ್ಲಿಂದ ಬಂತು, ಅಗೆದವನಿಗೆ ಎಷ್ಟು ಸಿಕ್ಕಿತು ಅಂತಲೂ ಕೇಳಿ. ನಾಲ್ಕು ಜನ ಕೇಳಿದರೆ, ಐದನೆಯವರು ಬರುವ ಹೊತ್ತಿಗಾದರೂ ಅಂಗಡಿಯವರು ಉತ್ತರ ಹುಡುಕಿಟ್ಟಿರುತ್ತಾರೆ.