ನೋಂದಣಿಯಷ್ಟೇ ಸಾಲದು, ಲಿಖಿತ ಕರಾರೂ ಬೇಕು

ಸ್ಥಿರಾಸ್ತಿ ಏಜೆಂಟರನ್ನು 2016ರ ರೇರಾ ಕಾಯ್ದೆ ನಿಯಂತ್ರಣದ ಚೌಕಟ್ಟಿಗೆ ತಂದಿತು. ಈ ಕಾಯ್ದೆಯಡಿ ನೋಂದಾಯಿತವಾದ ಯೋಜನೆಗಳ ನಿವೇಶನ, ಫ್ಲಾಟುಗಳ ಮಾರಾಟದಲ್ಲಿ ಮಧ್ಯಸ್ಥಿಕೆ ವಹಿಸುವವರು ನೋಂದಣಿ ಪಡೆದು, ಲೆಕ್ಕಪತ್ರ ಇಡತಕ್ಕದ್ದು. ತಪ್ಪಿದಲ್ಲಿ ದಿನಕ್ಕೆ 10,000 ರೂ.ಗಳಂತೆ, ಆಸ್ತಿಯ ಮೌಲ್ಯದ ಶೇ. 5ರವರೆಗೆ ದಂಡ ಬೀಳಬಹುದು. 2020ರ ಡಿಸೆಂಬರ್‌ನಲ್ಲಿ, ವಾರ್ಷಿಕ 20 ಲಕ್ಷ ರೂ. ಅಥವಾ ಅದಕ್ಕೂ ಮೀರಿದ ವಹಿವಾಟುಳ್ಳ ಏಜೆಂಟರನ್ನು ಹಣದ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೂ ಸೇರಿಸಲಾಯಿತು.

ಗ್ರಾಹಕರ ಹಿತದೃಷ್ಟಿಯಿಂದ ಇವೆಲ್ಲ ಸ್ವಾಗತಾರ್ಹವೇ. ಆದರೆ ಏಜೆಂಟರ ಕರ್ತವ್ಯಗಳನ್ನು ವಿವರಿಸುವ ರೇರಾ ಕಾಯ್ದೆಯು, ಅವರ ಕಮಿಷನ್ ಎಷ್ಟು, ಯಾವಾಗ ಸಲ್ಲಬೇಕು ಎಂಬ ಬಗ್ಗೆ ಮೌನ ವಹಿಸಿದೆ. ಬಾಯಿಮಾತಿನ ಒಪ್ಪಂದವನ್ನು ನಂಬಿದ ಸಣ್ಣ ಏಜೆಂಟರಿಗೆ ಇಲ್ಲಿಯೇ ಪೆಟ್ಟು. ಬಿಲ್ಡರು ಹಣ ಕೊಡಲು ತಿಂಗಳುಗಟ್ಟಲೆ ತಡಮಾಡಿದರೂ, ಬಿಲ್ ನೀಡಿದೊಡನೆ ಜಿಎಸ್‌ಟಿ ಹೊಣೆ ಆರಂಭವಾಗುತ್ತದೆ. ಒಂದು ಲಕ್ಷ ರೂ. ಕಮಿಷನ್ ಕೈಸೇರುವ ಮುನ್ನವೇ ಶೇ. 18ರಂತೆ 18,000 ರೂ. ತೆರಿಗೆಯನ್ನು ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಕಮಿಷನ್ ಮೇಲಿನ ಟಿಡಿಎಸ್ ದರವು 2024ರ ಅಕ್ಟೋಬರ್‌ನಲ್ಲಿ ಶೇ. 5ರಿಂದ 2ಕ್ಕೆ ಇಳಿದದ್ದು ತುಸು ಸಮಾಧಾನ ತಂದಿತಾದರೂ ಮೂಲ ಸಮಸ್ಯೆ ಬಗೆಹರಿಯಲಿಲ್ಲ.

ಆದುದರಿಂದ ಕಮಿಷನ್ ದರ, ಪಾವತಿಯ ದಿನಾಂಕ, ವ್ಯವಹಾರ ಮುರಿದುಬಿದ್ದರೆ ಅನುಸರಿಸಬೇಕಾದ ಕ್ರಮ ಇವುಗಳನ್ನು ಮೊದಲೇ ಬರವಣಿಗೆಯಲ್ಲಿ ನಿಗದಿಪಡಿಸಿಕೊಳ್ಳುವುದು ಸೂಕ್ತ. ಇದಕ್ಕೊಂದು ಮಾದರಿ ಕರಾರನ್ನು ರಾಜ್ಯದ ರೇರಾ ಪ್ರಾಧಿಕಾರವೇ ಪ್ರಕಟಿಸಬೇಕು. ಮಳಿಗೆ, ಗೋದಾಮು ಕೊಳ್ಳುವ ವರ್ತಕರು ಸಹ ಇಂತಹ ಕರಾರಿಗೆ ಒತ್ತಾಯಿಸಲಿ. ದಲ್ಲಾಳಿಯ ಲೆಕ್ಕ ಸ್ಪಷ್ಟವಾಗಿದ್ದರೆ ಕೊಳ್ಳುವವರ ಲೆಕ್ಕವೂ ಸ್ಪಷ್ಟವಾಗುತ್ತದೆ.