ರೇಷನ್ ಕೊಡುವವರಿದ್ದಾರೆ, ಬಾಡಿಗೆ ಕೊಡುವವರಿಲ್ಲ

2020ರ ಮಾರ್ಚ್ ಕೊನೆಯ ವಾರದಲ್ಲಿ ಎರಡು ದಿನಗಳ ಅಂತರದಲ್ಲಿ ಎರಡು ಆದೇಶಗಳು ಬಂದವು. 27ರಂದು ರಿಸರ್ವ್ ಬ್ಯಾಂಕ್, ಸಾಲದ ಕಂತುಗಳನ್ನು ಮೂರು ತಿಂಗಳು ಮುಂದೂಡಲು ಬ್ಯಾಂಕುಗಳಿಗೆ ಅನುಮತಿ ಕೊಟ್ಟಿತು. 29ರಂದು ಕೇಂದ್ರ ಗೃಹ ಸಚಿವಾಲಯ, ವಲಸಿಗರೂ ಸೇರಿದಂತೆ ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದು, ಕಾರ್ಮಿಕರನ್ನಾಗಲಿ ವಿದ್ಯಾರ್ಥಿಗಳನ್ನಾಗಲಿ ಮನೆಯಿಂದ ಹೊರಹಾಕಿದರೆ ಮಾಲೀಕರ ಮೇಲೆ ಕ್ರಮ ಎಂದಿತು. ಮುಂದೆ ಏಪ್ರಿಲ್ 17ರಂದು ಮಹಾರಾಷ್ಟ್ರದ ವಸತಿ ಇಲಾಖೆ, ಬಾಡಿಗೆ ವಸೂಲಿಯನ್ನು ಕನಿಷ್ಠ ಮೂರು ತಿಂಗಳು ಮುಂದೂಡಿ, ಬಾಡಿಗೆ ಬಾಕಿಯ ಕಾರಣಕ್ಕೆ ಯಾರನ್ನೂ ಬಿಡಿಸಬೇಡಿ ಎಂದು ಮಾಲೀಕರಿಗೆ ಸೂಚಿಸಿತು.

ಮೊದಲನೆಯ ಆದೇಶದ ಹಿಂದೆ ಬ್ಯಾಂಕಿನ ಕಂಪ್ಯೂಟರ್ ಇತ್ತು. ಒಂದು ಮೆಸೇಜಿಗೆ ಉತ್ತರ ಕೊಟ್ಟರೆ ಕಂತು ನಿಲ್ಲುತ್ತಿತ್ತು. ಬಡ್ಡಿ ಬೆಳೆಯುತ್ತಿತ್ತು, ನಿಜ, ಆದರೆ ಮನೆ ಹೋಗುತ್ತಿರಲಿಲ್ಲ. ಆ ಸೌಲಭ್ಯ ಆಗಸ್ಟ್ 31ರವರೆಗೂ ವಿಸ್ತರಣೆಯಾಯಿತು. ಬಾಡಿಗೆದಾರರ ಆದೇಶಗಳ ಹಿಂದೆ ಮಾಲೀಕನ ಮನಸ್ಸು ಬಿಟ್ಟರೆ ಬೇರೇನೂ ಇರಲಿಲ್ಲ. ದುಡ್ಡು ಯಾರು ಕೊಡಬೇಕು, ಮುಂದೂಡಿದ ಬಾಡಿಗೆಯನ್ನು ದುಡಿಮೆಯೇ ಇಲ್ಲದವನು ನಾಲ್ಕನೇ ತಿಂಗಳಲ್ಲಿ ಹೇಗೆ ಒಟ್ಟಿಗೆ ತೀರಿಸಬೇಕು ಎಂಬುದಕ್ಕೆ ಯಾವ ಕಾಗದದಲ್ಲೂ ಉತ್ತರವಿರಲಿಲ್ಲ.

ಪುಣೆಯಲ್ಲಿ ನಾವು ಕನ್ನಡಿಗರು ಈ ವ್ಯವಸ್ಥೆಯ ಎಲ್ಲಾ ಮೆಟ್ಟಿಲುಗಳಲ್ಲೂ ಇದ್ದೇವೆ. ಹಿಂಜವಡಿಯ ಕಂಪನಿಗಳಲ್ಲಿ ಕೆಲಸ ಮಾಡುತ್ತ ವಾಕಡಿನಲ್ಲೋ ಬಾಣೇರಿನಲ್ಲೋ ಬಾಡಿಗೆಗೆ ಇರುವವರು ಒಂದು ಕಡೆ. ಹತ್ತು ಹದಿನೈದು ವರ್ಷ ಇಲ್ಲೇ ಕಳೆದು, ಸಾಲ ಮಾಡಿ ಒಂದು ಫ್ಲ್ಯಾಟ್ ತಗೊಂಡು, ಸಾಧ್ಯವಾದರೆ ಎರಡನೆಯದನ್ನೂ ತಗೊಂಡು ಬಾಡಿಗೆಗೆ ಬಿಟ್ಟಿರುವ ನನ್ನಂಥವರು ಇನ್ನೊಂದು ಕಡೆ. ಆ ಫ್ಲ್ಯಾಟುಗಳನ್ನು ಕಟ್ಟಿದವರಲ್ಲಿ ಅಫಜಲಪುರ, ಆಳಂದ, ಇಂಡಿ, ಸಿಂದಗಿ, ಶಹಾಪುರ ಕಡೆಯಿಂದ ಬಂದ ಗವಂಡಿಗಳು, ಸೆಂಟ್ರಿಂಗ್ ಕೆಲಸದವರು, ಅವರ ಹೆಂಗಸರು ಸಾಕಷ್ಟಿದ್ದಾರೆ. ಅವರು ಇರುವುದು ಕೆಲಸದ ಜಾಗದ ತಗಡಿನ ಶೆಡ್ಡಿನಲ್ಲಿ, ಇಲ್ಲವೇ ಹತ್ತು ಬೈ ಹತ್ತರ ಖೋಲಿಯಲ್ಲಿ. ಕೆಲಸದ ಜಾಗದಲ್ಲೋ ಅದರ ಹತ್ತಿರವೋ ಕಾರ್ಮಿಕನಿಗೆ ಉಚಿತ ತಾತ್ಕಾಲಿಕ ವಸತಿ ಕೊಡುವುದು ಮಾಲೀಕನ ಹೊಣೆ ಎಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಮಜೂರ್ ಅಡ್ಡಾದಲ್ಲಿ ನಿಂತು ದಿನಕ್ಕೊಬ್ಬ ಮಾಲೀಕನ ಕೈಯಲ್ಲಿ ದುಡಿಯುವವನಿಗೆ ಅದನ್ನು ಯಾರು ಕೊಡುತ್ತಾರೆ?

ಖೋಲಿಯವರಿಗೆ ಕರಾರಿಲ್ಲ, ರಸೀದಿಯಿಲ್ಲ. ಬಾಡಿಗೆ, ಲೈಟ್ ಬಿಲ್ಲು ಎಲ್ಲ ಬಾಯಿಮಾತು. ಹಾಗಾಗಿ ಸರ್ಕಾರ ಮನಸ್ಸು ಮಾಡಿ ಬಾಡಿಗೆ ಸಹಾಯ ಕೊಡುತ್ತೇನೆ ಎಂದಿದ್ದರೂ, ಅವರು ಬಾಡಿಗೆದಾರರು ಎಂಬುದಕ್ಕೇ ಪುರಾವೆ ಸಿಗುತ್ತಿರಲಿಲ್ಲ.

ಆ ಏಪ್ರಿಲ್‌ನಲ್ಲಿ ನಾವು ಕೆಲವರು ಗೆಳೆಯರು ಎಲ್ಲರಂತೆ ಅಕ್ಕಿ, ಬೇಳೆ, ಎಣ್ಣೆಯ ಕಿಟ್ ಹಂಚುತ್ತಿದ್ದೆವು. ನಮ್ಮ ಸೊಸೈಟಿಗೆ ಮನೆಗೆಲಸಕ್ಕೆ ಬರುತ್ತಿದ್ದ ಆಳಂದ ಕಡೆಯ ಹೆಣ್ಣುಮಗಳೊಬ್ಬಳು ಕಿಟ್ ತೆಗೆದುಕೊಳ್ಳುತ್ತ, "ಅಣ್ಣಾ, ರೇಷನ್ ಭಾಳ ಮಂದಿ ಕೊಡಾಕತ್ಯಾರ್ರಿ. ಬಾಡಿಗಿ ಯಾರೂ ಕೊಡಂಗಿಲ್ಲ" ಅಂದಳು. ಆಗಲೇ ಅವಳ ಮನೆಗೆ ಮೂರು ಕಡೆಯ ಕಿಟ್ ಬಂದಿತ್ತು. ಬಾಡಿಗೆ ಎರಡು ತಿಂಗಳದ್ದು ನಿಂತಿತ್ತು. ಮಾಲೀಕ ದಿನಾ ಸಂಜೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ.

ದಾನ ಕೊಡುವವರಿಗೆ ಅಕ್ಕಿಚೀಲ ಇಷ್ಟ. ಫೋಟೋ ತೆಗೆಯಬಹುದು, ತೂಕ ಹೇಳಬಹುದು, ಕುಡಿದು ಕಳೆಯುತ್ತಾರೆಂಬ ಭಯವಿಲ್ಲ. ಬಾಡಿಗೆಗೆ ಕೊಟ್ಟ ದುಡ್ಡು ಕಣ್ಣಿಗೆ ಕಾಣುವುದಿಲ್ಲ. ಅದು ಇನ್ನೊಬ್ಬ ಮನೆಮಾಲೀಕನ ಜೇಬಿಗೆ ಹೋಗುತ್ತದೆ ಎಂಬುದು ಬೇರೆ ಚುಚ್ಚುತ್ತದೆ. ಆದರೆ ಲೆಕ್ಕ ನೋಡಿ. ಆಗ ಒಂದು ಖೋಲಿಯ ಬಾಡಿಗೆ ಮೂರರಿಂದ ನಾಲ್ಕು ಸಾವಿರ. ಖೋಲಿ ಬಿಟ್ಟು ಊರಿಗೆ ಹೋದ ಕುಟುಂಬ ಮರಳಿ ಬಂದರೆ ಹೊಸ ಡಿಪಾಸಿಟ್ ಬೇಕು, ಲಾರಿಯೋ ಬಸ್ಸೋ ಖರ್ಚು ಬೇಕು, ಮಕ್ಕಳ ಶಾಲೆ ತಪ್ಪಿರುತ್ತದೆ, ಹೆಂಡತಿ ಹಿಡಿದಿದ್ದ ಮನೆಗೆಲಸಗಳು ಬೇರೆಯವರ ಪಾಲಾಗಿರುತ್ತವೆ. ಮೂರು ತಿಂಗಳ ಬಾಡಿಗೆ ಉಳಿಸಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಊರಿಗೆ ಹೋಗುವುದೂ ಸುಲಭವಿರಲಿಲ್ಲ ಎಂಬುದನ್ನು ಮರೆಯಬಾರದು. ಮೇ 18ರಂದು ನಮ್ಮದೇ ಕರ್ನಾಟಕ ಸರ್ಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಬರುವವರಿಗೆ ಮೇ 31ರವರೆಗೆ ಪ್ರವೇಶವಿಲ್ಲ ಎಂದು ಘೋಷಿಸಿತು. ಸೋಂಕಿನ ಭಯ ಅರ್ಥವಾಗುತ್ತದೆ. ಆದರೆ ಇಲ್ಲಿ ಖೋಲಿ ಬಿಟ್ಟು ಹೊರಟವನಿಗೆ ಅಲ್ಲಿ ಗಡಿ ಮುಚ್ಚಿತ್ತು.

ಕಿಟ್ ಹಂಚುವುದನ್ನು ನಾವು ಅರ್ಧಕ್ಕೆ ಇಳಿಸಿ ಉಳಿದ ಹಣವನ್ನು ಬಾಡಿಗೆಗೆ ತಿರುಗಿಸಿದೆವು. ದೊಡ್ಡ ಕೆಲಸವೇನಲ್ಲ, ಹನ್ನೊಂದು ಕುಟುಂಬ, ನಾಲ್ಕು ತಿಂಗಳು. ವಿಧಾನ ಮಾತ್ರ ಹೇಳಲೇಬೇಕು. ಮೂರನೇ ಒಂದು ಪಾಲು ಬಾಡಿಗೆಯನ್ನು ಮಾಲೀಕ ಬಿಡಬೇಕು, ಒಂದು ಪಾಲು ನಾವು ನೇರವಾಗಿ ಮಾಲೀಕನಿಗೆ ಕೊಡುತ್ತೇವೆ, ಒಂದು ಪಾಲು ಬಾಡಿಗೆದಾರ ಕೈಲಾದಾಗ ಕೊಡುತ್ತಾನೆ. ಅದಕ್ಕೆ ಪ್ರತಿಯಾಗಿ ಮಾಲೀಕ ಒಂದು ಹಾಳೆಯ ಮೇಲೆ ಬಾಡಿಗೆ ಬಂದದ್ದನ್ನು ಬರೆದು ಸಹಿ ಮಾಡಬೇಕು. ಆ ಹಾಳೆಯೇ ಕೆಲವರ ಕೈಗೆ ಬಂದ ಮೊದಲ ಬಾಡಿಗೆ ರಸೀದಿ.

ಮಾಲೀಕರೆಲ್ಲ ಕಟುಕರಲ್ಲ ಎಂಬುದು ಆಗ ಕಂಡದ್ದು. ಅವರಲ್ಲಿ ಒಬ್ಬ ವಿಧವೆಗೆ ನಾಲ್ಕು ಖೋಲಿಗಳ ಬಾಡಿಗೆ ಬಿಟ್ಟರೆ ಬೇರೆ ಆದಾಯವೇ ಇರಲಿಲ್ಲ. ಅವಳಿಗೆ "ಬಾಡಿಗೆ ಕೇಳಬೇಡ" ಎಂದು ಆದೇಶ ಕೊಟ್ಟರೆ ಅವಳ ಒಲೆ ಆರುತ್ತದೆ. ಒಬ್ಬರು ಮಾತ್ರ ಮೂರನೇ ಒಂದು ಪಾಲು ಬಿಡಲು ಸುತರಾಂ ಒಪ್ಪಲಿಲ್ಲ. ಅವರಿಗೆ ಒಟ್ಟು ಎಷ್ಟು ಖೋಲಿಗಳಿದ್ದವು ಎಂದು ಹೇಳಿದರೆ ನಿಮಗೆ ನಗು ಬರುತ್ತದೆ, ಬಿಡಿ.

ಇಷ್ಟಕ್ಕೂ ಬಿಕ್ಕಟ್ಟಿನಲ್ಲಿ ಬಾಡಿಗೆದಾರನನ್ನು ಕಾಯುವ ಪ್ರಯತ್ನ ಈ ಪ್ರಾಂತಕ್ಕೆ ಹೊಸದಲ್ಲ. ಮೊದಲ ಮಹಾಯುದ್ಧದ ಇಕ್ಕಟ್ಟಿನಲ್ಲಿ, 1918ರಲ್ಲೇ ಮುಂಬಯಿ ಪ್ರಾಂತದಲ್ಲಿ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. 1947ರ ಕಾಯ್ದೆ ಬಾಡಿಗೆಯನ್ನು ಬಹುತೇಕ ಹೆಪ್ಪುಗಟ್ಟಿಸಿತು. ಅದರ ಫಲ ನೋಡಬೇಕಿದ್ದರೆ ಪುಣೆಯ ಪೇಠೆಗಳಲ್ಲಿ ಒಂದು ಸುತ್ತು ಹಾಕಿ. ಜುಜುಬಿ ಬಾಡಿಗೆ ಬರುವ ವಾಡೆಯನ್ನು ಮಾಲೀಕ ರಿಪೇರಿ ಮಾಡಿಸುವುದಿಲ್ಲ, ಬಾಡಿಗೆದಾರ ಬಿಡುವುದಿಲ್ಲ, ಮಳೆಗಾಲಕ್ಕೊಂದು ಗೋಡೆ ಬೀಳುತ್ತದೆ. ಅದರ ಭಯದಿಂದಲೇ ಈ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು ಇಷ್ಟೊಂದು ಬೇರೂರಿತು. 1999ರ ಮಹಾರಾಷ್ಟ್ರ ಕಾಯ್ದೆಯ ಪ್ರಕಾರ, ಅವಧಿ ಮುಗಿದ ಮೇಲೂ ಮನೆ ಬಿಡದವನು ದುಪ್ಪಟ್ಟು ದರದಲ್ಲಿ ಪರಿಹಾರ ತೆರಬೇಕು. ಒಂದು ಕಾಲಕ್ಕೆ ಬಾಡಿಗೆದಾರನನ್ನು ಅಲ್ಲಾಡಿಸಲಾಗುತ್ತಿರಲಿಲ್ಲ, ಈಗ ಹನ್ನೊಂದು ತಿಂಗಳಿಗೊಮ್ಮೆ ಅವನ ಕಾಲಡಿಯ ನೆಲ ಅಲ್ಲಾಡುತ್ತದೆ.

ಆದ್ದರಿಂದ ಬಾಡಿಗೆ ಹೆಪ್ಪುಗಟ್ಟಿಸಿ ಎಂದು ನಾನು ಕೇಳುವುದಿಲ್ಲ. ಬಿಕ್ಕಟ್ಟಿನ ಕಾಲಕ್ಕೆ, ಇಂತಿಷ್ಟು ತಿಂಗಳಿಗೆ, ದುಡ್ಡು ಕೊಡಿ ಎನ್ನುತ್ತೇನೆ. ಅಮೆರಿಕದಲ್ಲಿ 2020ರ ಸೆಪ್ಟೆಂಬರಿನಿಂದ ಮನೆ ಖಾಲಿ ಮಾಡಿಸುವುದಕ್ಕೆ ತಡೆ ಇತ್ತು. ಅದರ ಜೊತೆಗೆ ಬಾಡಿಗೆ ಸಹಾಯಕ್ಕೆಂದೇ ಎರಡು ಕಂತಿನಲ್ಲಿ 4,600 ಕೋಟಿ ಡಾಲರ್‌ಗೂ ಹೆಚ್ಚು ಹಣ ತೆಗೆದಿಟ್ಟರು. ಹಣ ಹಂಚಿಕೆ ಕುಂಟಿತು. 2021ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ತಡೆಯನ್ನು ತೆಗೆದುಹಾಕಿದಾಗ ದೊಡ್ಡ ಮೊತ್ತ ಇನ್ನೂ ತಲುಪಿರಲಿಲ್ಲ. ಆದರೂ, ಬಾಡಿಗೆ ಬಾಕಿಯನ್ನು ಯಾರಾದರೂ ತುಂಬಿಕೊಡಲೇಬೇಕು ಎಂಬುದನ್ನಾದರೂ ಅವರು ಒಪ್ಪಿಕೊಂಡರು. ನಮ್ಮಲ್ಲಿ ದೆಹಲಿಯ ಮುಖ್ಯಮಂತ್ರಿಯಾಗಿದ್ದ ಅರವಿಂದ ಕೇಜ್ರಿವಾಲ್, ಬಾಡಿಗೆ ಕಟ್ಟಲಾಗದ ಬಡವರ ಪರವಾಗಿ ಸರ್ಕಾರವೇ ಕಟ್ಟುತ್ತದೆ ಎಂದು 2020ರ ಮಾರ್ಚ್ 29ರಂದು ಹೇಳಿದ್ದರು. ಆ ಮಾತಿಗೆ ಬೆಲೆಯಿದೆ, ಸರ್ಕಾರ ನಿರ್ಧಾರ ತೆಗೆದುಕೊಳ್ಳಲಿ ಎಂದು 2021ರ ಜುಲೈನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. ಸರ್ಕಾರ ಮೇಲ್ಮನವಿ ಹಾಕಿ ಸೆಪ್ಟೆಂಬರಿನಲ್ಲಿ ತಡೆಯಾಜ್ಞೆ ತಂದಿತು.

ಕೇಂದ್ರ ಸರ್ಕಾರ 2020ರ ಜುಲೈನಲ್ಲಿ ಅಗ್ಗದ ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸರ್ಕಾರಿ ದುಡ್ಡಿನಲ್ಲಿ ಕಟ್ಟಿ ಖಾಲಿ ಬಿದ್ದ ಮನೆಗಳನ್ನು ವಲಸಿಗರಿಗೆ ಬಾಡಿಗೆಗೆ ಕೊಡುವ ವಿಚಾರ. 2011ರ ಜನಗಣತಿ ಪ್ರಕಾರವೇ ನಗರಗಳಲ್ಲಿ 1.1 ಕೋಟಿ ಮನೆಗಳು ಖಾಲಿ ಇದ್ದವು. ವಿಚಾರ ಒಳ್ಳೆಯದು. ಆದರೆ ಹೊಸ ಮನೆ ಸಿಗುವವರೆಗೆ ಇರುವ ಖೋಲಿಯಲ್ಲಿ ಉಳಿಯುವುದು ಹೇಗೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಇದೆಲ್ಲ ಗವಂಡಿಗಳ, ಮನೆಗೆಲಸದವರ ಕಥೆ ಎಂದು ಓದುವವರಿಗೆ ಇನ್ನೊಂದು ಮಾತು. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿತು. ಆ ಸುದ್ದಿ ಬಂದ ವಾರ ನಮ್ಮ ಕನ್ನಡ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೂ ಗುಡ್ ಮಾರ್ನಿಂಗ್ ಕಳಿಸಲಿಲ್ಲ. ಕೆಲಸ ಹೋದವನ ಕರಾರಿನಲ್ಲಿ ಆರು ತಿಂಗಳ ಲಾಕ್-ಇನ್ ಶರತ್ತು ಇದ್ದರೆ, ಮೊದಲೇ ಬಿಟ್ಟರೆ ಡಿಪಾಸಿಟ್ ಹೋಗುತ್ತದೆ, ಉಳಿದರೆ ಬಾಡಿಗೆ ಕೊಡಲು ಸಂಬಳವಿಲ್ಲ. ಗೃಹಸಾಲ ಇರುವವನನ್ನು ಬ್ಯಾಂಕ್ ಕರೆದು ಮಾತಾಡಿಸುತ್ತದೆ, ಬಾಡಿಗೆದಾರನಿಗೆ ಏಜೆಂಟನ ಫೋನ್ ಬರುತ್ತದೆ.

ಮುಂದಿನ ಸಲ ಕಂತು ಮುಂದೂಡಿಕೆ ಬಂದರೆ, ಬಾಡಿಗೆಗೆ ಬಿಟ್ಟ ಮನೆಯ ಸಾಲಕ್ಕೆ ಆ ಸೌಲಭ್ಯ ಪಡೆಯುವವನು ಅಷ್ಟೇ ತಿಂಗಳು ಬಾಡಿಗೆದಾರನಿಗೂ ಗಡುವು ಕೊಡಲೇಬೇಕು ಎಂಬ ಶರತ್ತು ಇರಲಿ. ಮಹಾರಾಷ್ಟ್ರದಲ್ಲಿ ಕರಾರು ಬರವಣಿಗೆಯಲ್ಲಿರಬೇಕು, ನೋಂದಣಿಯಾಗಬೇಕು, ಆ ಹೊಣೆ ಮಾಲೀಕನದು. ನೋಂದಣಿ ಇಲ್ಲದಿದ್ದರೆ, ಮಾಲೀಕ ಬೇರೆ ರೀತಿ ಸಾಬೀತು ಮಾಡುವವರೆಗೆ ಶರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಡೆಯುತ್ತದೆ. ಬಾಡಿಗೆದಾರನ ನೀರು, ವಿದ್ಯುತ್ ಕಡಿಯುವಂತಿಲ್ಲ. ಇಷ್ಟನ್ನು ಕನ್ನಡದಲ್ಲಿ ಒಂದು ಪುಟ ಅಚ್ಚು ಹಾಕಿಸಿ ಮಜೂರ್ ಅಡ್ಡಾಗಳಲ್ಲಿ ಹಂಚಲು ನಮ್ಮ ಸಂಘಗಳಿಗೆ ಎಷ್ಟು ಖರ್ಚಾದೀತು? ರಾಜ್ಯೋತ್ಸವದ ಧ್ವನಿವರ್ಧಕದ ಬಾಡಿಗೆಗಿಂತ ಕಡಿಮೆ. ಉಳಿದದ್ದನ್ನು ಒಂದು ಬಾಡಿಗೆ ನಿಧಿಯಾಗಿ ಇಡಬಹುದು. ಹೊಸದಾಗಿ ಊರಿಂದ ಬಂದ ಹುಡುಗರಿಗೂ, ಕೆಲಸ ಕಳೆದುಕೊಂಡ ಇಂಜಿನಿಯರಿಗೂ, ಗವಂಡಿಯ ಕುಟುಂಬಕ್ಕೂ ಅದೇ ನಿಧಿ, ಅದೇ ಮೂರನೇ ಒಂದರ ಲೆಕ್ಕ.

ಈ ತಿಂಗಳು ನನ್ನ ಫ್ಲ್ಯಾಟಿನ ಕರಾರು ನವೀಕರಣಕ್ಕೆ ಬಂದಿದೆ. ಬಾಡಿಗೆದಾರನ ಕೆಲಸ ಹೋದರೆ ಲಾಕ್-ಇನ್ ಅನ್ವಯಿಸುವುದಿಲ್ಲ, ಎರಡು ತಿಂಗಳ ಬಾಡಿಗೆಯನ್ನು ಆರು ಕಂತಿನಲ್ಲಿ ಕೊಡಬಹುದು ಎಂಬ ಸಾಲು ಸೇರಿಸಲು ಏಜೆಂಟರಿಗೆ ಹೇಳಿದೆ. "ಸರ್, ಫಾರ್ಮ್ಯಾಟ್‌ನಲ್ಲಿ ಅದು ಇಲ್ಲ" ಅಂದರು. ಇತರೆ ಶರತ್ತುಗಳು ಎಂಬ ಖಾಲಿ ಜಾಗ ಇದೆಯಲ್ಲ, ಅಲ್ಲಿ ಬರೆಯಿರಿ ಎಂದೆ. ನೋಡುತ್ತೇನೆ ಎಂದಿದ್ದಾರೆ.