ಆಟಿಕೆ ಕಾರು, 240 ಫ್ರೇಮು ಮತ್ತು ನಮ್ಮ ಥರ್ಮಾಕೋಲ್ ಮಾದರಿಗಳು

ಈ ಸಲದ ಬೋಧನಾಭ್ಯಾಸದಲ್ಲಿ ನನಗೆ ಸಿಕ್ಕಿದ್ದು ಒಂಬತ್ತನೇ ತರಗತಿ, ಗುರುತ್ವಾಕರ್ಷಣೆಯ ಪಾಠ. ಮುಕ್ತ ಪತನ ಹೇಳಿಕೊಡಲು ನಾನು ತೆಗೆದುಕೊಂಡು ಹೋದದ್ದು ಏಳು ಸೆಂಟಿಮೀಟರ್ ಉದ್ದದ ಒಂದು ಆಟಿಕೆ ಕಾರು, ಒಂದು ಅಳತೆಪಟ್ಟಿ ಮತ್ತು ನನ್ನ ಮೊಬೈಲು. ಅಂದು ಅವಲೋಕನ ಪುಸ್ತಕದಲ್ಲಿ ಬಿದ್ದ ಷರಾ ಹೀಗಿತ್ತು: "ಬೋಧನೋಪಕರಣ ಆಕರ್ಷಕವಾಗಿಲ್ಲ. ಸಿನಿಮಾ ವಿಷಯ ಅನಗತ್ಯ." ಅದೇ ದಿನ ಪಕ್ಕದ ಕೋಣೆಯಲ್ಲಿ ಎಂಟನೇ ತರಗತಿಗೆ ಥರ್ಮಾಕೋಲ್ ಸೌರವ್ಯೂಹ ತಂದಿದ್ದ ನನ್ನ ಗೆಳತಿಗೆ "ಅತ್ಯುತ್ತಮ" ಬಂತು. ಆ ಮಾದರಿಯನ್ನು ಸ್ಟೇಷನರಿ ಅಂಗಡಿಯಲ್ಲಿ 350 ರೂಪಾಯಿಗೆ ಕೊಂಡಿದ್ದು. ಅವಳೇ ನಗುತ್ತಾ ಹೇಳಿದಳು.

ಅಂಕದ ಬೇಸರ ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಈ ಲೇಖನ ಅದಕ್ಕಾಗಿ ಅಲ್ಲ. ಮಾದರಿ ಎಂದರೆ ಏನು ಎಂಬುದರಲ್ಲೇ ನಾವು ಪ್ರಶಿಕ್ಷಣಾರ್ಥಿಗಳು ಎಡವುತ್ತಿದ್ದೇವೆ ಎಂದು ನನಗೆ ಅನ್ನಿಸಿದೆ. ಅದನ್ನು ನನಗೆ ಕಲಿಸಿದ್ದು ಸಿನಿಮಾಗಳಿಗೆ ಮಿನಿಯೇಚರ್ ಕಟ್ಟುವವರ ಕೆಲಸ. ಹಾಗಾಗಿ ಆ "ಅನಗತ್ಯ" ವಿಷಯದಿಂದಲೇ ಶುರು ಮಾಡುತ್ತೇನೆ.

ತರಗತಿಯಲ್ಲಿ ನಡೆದದ್ದು ಇಷ್ಟು. ಮೇಜಿನ ಎತ್ತರ 75 ಸೆಂಟಿಮೀಟರ್. ಕಾರನ್ನು ತಳ್ಳಿ ಅಂಚಿನಿಂದ ಬೀಳಿಸಿ ಮೊಬೈಲಿನಲ್ಲಿ ಮಾಮೂಲಿ ವಿಡಿಯೊ ತೆಗೆದು ತೋರಿಸಿದೆ. ಮಕ್ಕಳು ನಕ್ಕರು. ಯಾರ ಕಣ್ಣಿಗೂ ಅದು ಆಟಿಕೆಯೇ. ಮತ್ತೆ ಅದೇ ಕಾರು, ಅದೇ ಮೇಜು. ಈ ಸಲ ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮಿನಂತೆ ತೆಗೆದೆ. ಮೊಬೈಲು ಅದನ್ನು ಸೆಕೆಂಡಿಗೆ 30ರಂತೆ, ಅಂದರೆ ಎಂಟು ಪಟ್ಟು ನಿಧಾನವಾಗಿ ತೋರಿಸಿತು. ಹಿಂದಿನ ಬೆಂಚಿನವರು ಎದ್ದು ನಿಂತರು. ಕಾರು ಭಾರವಾಗಿಬಿಟ್ಟಿತ್ತು! ಮೂತಿ ಕೆಳಗೆ ಮಾಡಿ, ಬೆಟ್ಟದ ಅಂಚಿನಿಂದ ಜಾರಿದ ನಿಜವಾದ ಕಾರಿನಂತೆ ಬೀಳುತ್ತಿತ್ತು.

ಏಕೆ ಎಂದು ಕೇಳಿದೆ. ಉತ್ತರ ಅವರ ಪುಸ್ತಕದಲ್ಲೇ ಇದೆ. ನಿಜವಾದ ಕಾರಿನ ಉದ್ದ ಸುಮಾರು ನಾಲ್ಕೂವರೆ ಮೀಟರ್, ಆಟಿಕೆ ಅದರ 64ನೇ ಒಂದು ಪಾಲು. ಆ ಲೆಕ್ಕದಲ್ಲಿ 75 ಸೆಂಟಿಮೀಟರ್ ಮೇಜು 48 ಮೀಟರ್ ಪ್ರಪಾತವಾಗುತ್ತದೆ. 48 ಮೀಟರ್ ಬೀಳಲು ಸುಮಾರು 3.1 ಸೆಕೆಂಡು ಬೇಕು. ಮೇಜಿನಿಂದ ಬೀಳಲು 0.39 ಸೆಕೆಂಡು ಸಾಕು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 8 ಬರುತ್ತದೆ, 64ರ ವರ್ಗಮೂಲ. ಉದ್ದವನ್ನು ನಾವು ಕುಗ್ಗಿಸಿದೆವು. ಗುರುತ್ವ ವೇಗೋತ್ಕರ್ಷ ಮಾತ್ರ ಕುಗ್ಗಲಿಲ್ಲ, ಅದು ಮೇಜಿಗೂ ಬೆಟ್ಟಕ್ಕೂ ಅದೇ 9.8. ಕುಗ್ಗದ ಅದನ್ನು ಸರಿದೂಗಿಸಲು ಕಾಲವನ್ನು ಎಳೆಯಬೇಕಾಯಿತು.

ಸಿನಿಮಾದ ಮಿನಿಯೇಚರ್ ಕಲೆ ನಿಂತಿರುವುದು ಬಹುಮಟ್ಟಿಗೆ ಈ ಒಂದು ವರ್ಗಮೂಲದ ಮೇಲೆ. 1954ರಲ್ಲಿ ಜಪಾನಿನ ತೋಹೋ ಸಂಸ್ಥೆಯ 'ಗಾಡ್ಜಿಲ್ಲಾ'ಗೆ ಎಯ್ಜಿ ಸುಬುರಾಯಾ ಅವರ ತಂಡ ಟೋಕಿಯೊ ನಗರವನ್ನು 25ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಕಟ್ಟಿತು. ಮೃಗದ ಭಾರವಾದ ವೇಷದೊಳಗೆ ಹರುವೋ ನಕಾಜಿಮಾ ಎಂಬ ನಟ. 25 ಮೀಟರ್ ಎತ್ತರದ ಕಟ್ಟಡ ಅಲ್ಲಿ ಒಂದು ಮೀಟರ್. ನಿಜವಾದ ಕಟ್ಟಡದ ನೆತ್ತಿಯಿಂದ ಕಳಚಿದ ಇಟ್ಟಿಗೆ ನೆಲ ಮುಟ್ಟಲು ಎರಡೂಕಾಲು ಸೆಕೆಂಡು ತೆಗೆದುಕೊಂಡರೆ, ಇಲ್ಲಿ ಅರ್ಧ ಸೆಕೆಂಡೂ ಇಲ್ಲ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮಿನಂತೆ. 25ರ ವರ್ಗಮೂಲ 5, ಆದ್ದರಿಂದ ಸೂತ್ರದ ಪ್ರಕಾರ ಕ್ಯಾಮೆರಾ ಓಡಬೇಕಾದ್ದು 120ರಲ್ಲಿ. ಹೀಗೆ ಹೆಚ್ಚು ವೇಗದಲ್ಲಿ ತೆಗೆದು ನಿಧಾನವಾಗಿ ತೋರಿಸುವುದರಿಂದಲೇ ಒಬ್ಬ ಮನುಷ್ಯನ ಹೆಜ್ಜೆಗೆ ಬೆಟ್ಟದ ತೂಕ ಬರುತ್ತದೆ. ಒಳಗಿನ ನಟನ ಪಾಡು ಬೇರೆ: ತೆರೆಯ ಮೇಲೆ ನಿಧಾನವಾಗಿ ಕಾಣಬೇಕಾದರೆ ಅವನು ಸೆಟ್‌ನಲ್ಲಿ ಚುರುಕಾಗಿ ಚಲಿಸಬೇಕು.

ಬೆಳಕಿನ ಕಷ್ಟವೂ ಇದೆ. ಪುಟ್ಟ ಮಾದರಿಯ ಹತ್ತಿರ ಕ್ಯಾಮೆರಾ ಇಟ್ಟರೆ ಮೂತಿ ಸ್ಪಷ್ಟವಾಗಿ, ಬಾಲ ಮಸುಕಾಗಿ ಕಾಣುತ್ತದೆ. ದೊಡ್ಡ ಹಡಗನ್ನು ದೂರದಿಂದ ನೋಡುವಾಗ ಕಣ್ಣಿಗೆ ಹಾಗೆ ಕಾಣುವುದಿಲ್ಲ. ಎಲ್ಲವೂ ಸ್ಪಷ್ಟವಾಗಬೇಕಾದರೆ ಮಸೂರದ ರಂಧ್ರವನ್ನು ಕಿರಿದು ಮಾಡಬೇಕು. ಆಗ ಒಳಬರುವ ಬೆಳಕು ಸಾಲದು. 1968ರ '2001: ಎ ಸ್ಪೇಸ್ ಒಡಿಸ್ಸಿ'ಯಲ್ಲಿ 54 ಅಡಿ ಉದ್ದದ ಬಾಹ್ಯಾಕಾಶ ನೌಕೆಯ ಮಾದರಿಯನ್ನು ಒಂದೊಂದು ಫ್ರೇಮಿಗೂ ಸೆಕೆಂಡುಗಟ್ಟಲೆ ಬೆಳಕು ಕುಡಿಸಿ ಚಿತ್ರೀಕರಿಸಿದರು. 54 ಅಡಿಯದನ್ನು "ಮಿನಿಯೇಚರ್" ಎನ್ನುವುದು ತಮಾಷೆಯೇ. ನ್ಯೂಜಿಲೆಂಡಿನ ವೇಟಾ ವರ್ಕ್‌ಶಾಪಿನವರು 'ಲಾರ್ಡ್ ಆಫ್ ದ ರಿಂಗ್ಸ್' ಚಿತ್ರಗಳಿಗೆ ಕಟ್ಟಿದ ದೈತ್ಯ ಮಾದರಿಗಳನ್ನು ಅದಕ್ಕೇ "ಬಿಗೇಚರ್" ಎಂದು ಕರೆದುಕೊಂಡರು.

ಗಾಳಿಯೂ ಕುಗ್ಗುವುದಿಲ್ಲ. ದೂರದ ಬೆಟ್ಟ ನಮಗೆ ಮಸುಕು ನೀಲಿಯಾಗಿ ಕಾಣುವುದು ನಡುವೆ ಕಿಲೋಮೀಟರುಗಟ್ಟಲೆ ಗಾಳಿ ಇರುವುದರಿಂದ. ಮಾದರಿಯ ಬೆಟ್ಟಕ್ಕೂ ಕ್ಯಾಮೆರಾಕ್ಕೂ ನಡುವೆ ಕೆಲವೇ ಅಡಿ. 1982ರ 'ಬ್ಲೇಡ್ ರನ್ನರ್'ನಲ್ಲಿ ನಗರದ ಮಾದರಿ ಇದ್ದ ಕೋಣೆಗೆ ಹೊಗೆ ತುಂಬಿಸಿ ಆ ಕೊರತೆಯನ್ನು ನೀಗಿಸಿದರು. ನಮ್ಮ ಕಡೆಯವರಿಗೆ ಪರಿಚಿತವಾದ 1957ರ 'ಮಾಯಾಬಜಾರ್'ನಲ್ಲಿ ದ್ವಾರಕೆ ಮಿನಿಯೇಚರ್ ಇದೆ. ಇಂದಿಗೂ ನನಗೆ ಅದು ಇಷ್ಟ. ಏನೂ ಬೀಳದ, ಕುಸಿಯದ ನಗರವಾದ್ದರಿಂದ ಅಲ್ಲಿ ಗುರುತ್ವ ಗುಟ್ಟು ಬಿಟ್ಟುಕೊಡುವುದಿಲ್ಲ.

ಎಲ್ಲಕ್ಕಿಂತ ಹಟಮಾರಿ ಎಂದರೆ ನೀರು. ಇದನ್ನು ತರಗತಿಯಲ್ಲಿ ನನಗೆ ತೋರಿಸಿದ್ದು ಒಬ್ಬ ಹುಡುಗ. "ಮಿಸ್, ಕಾರು ಹೊಳೆಗೆ ಬೀಳಲಿ" ಎಂದ. ಬಿಸಿಯೂಟದ ತಟ್ಟೆಯಲ್ಲಿ ನೀರು ತುಂಬಿ ಕೆಳಗಿಟ್ಟೆವು. ಅದೇ 240 ಫ್ರೇಮು. ನೀರು ಚಿಮ್ಮಿದ್ದೇ ತಡ, ಕಾರು ಮತ್ತೆ ಆಟಿಕೆಯಾಯಿತು. ವಿಡಿಯೊ ನಿಲ್ಲಿಸಿ ನೋಡಿದ ಒಬ್ಬಳು, "ಮಿಸ್, ಹನಿ ಹೆಡ್‌ಲೈಟಿಗಿಂತ ದಪ್ಪ ಇದೆ" ಅಂದಳು. ಲೆಕ್ಕ ಹಾಕಿದೆವು. ಐದು ಮಿಲಿಮೀಟರಿನ ಹನಿ 64 ಪಟ್ಟಾದರೆ 32 ಸೆಂಟಿಮೀಟರ್. ಕೊಡದಷ್ಟು ದಪ್ಪದ ಹನಿ ಯಾವ ಹೊಳೆಯಲ್ಲಿ ಚಿಮ್ಮುತ್ತದೆ? ಹನಿಯ ಗಾತ್ರವನ್ನು ನಿರ್ಧರಿಸುವುದರಲ್ಲಿ ಮೇಲ್ಮೈ ಎಳೆತದ ಪಾಲು ದೊಡ್ಡದು, ಅದು ನಮ್ಮ ಅಳತೆಪಟ್ಟಿಯ ಮಾತು ಕೇಳುವುದಿಲ್ಲ. ನಿಧಾನ ಮಾಡಿಯೂ ಇದನ್ನು ಮುಚ್ಚಲಾಗದು. ಮಾದರಿಯನ್ನೇ ದೊಡ್ಡದು ಮಾಡುವುದೊಂದೇ ದಾರಿ. 1980ರ 'ರೈಸ್ ದ ಟೈಟಾನಿಕ್'ಗೆ ಅದಕ್ಕೇ 55 ಅಡಿಯ ಹಡಗು ಕಟ್ಟಿ ಮಾಲ್ಟಾದ ಭಾರಿ ತೊಟ್ಟಿಯಲ್ಲಿ ಚಿತ್ರೀಕರಿಸಿದರು. 1997ರ 'ಟೈಟಾನಿಕ್'ನವರು 20ರಲ್ಲಿ ಒಂದು ಪಾಲಿನ, ಸುಮಾರು 45 ಅಡಿಯ ಮಾದರಿ ಕಟ್ಟಿದರೂ ಹಡಗು ಸಾಗುವ ದೃಶ್ಯಗಳಿಗೆ ಅದನ್ನು ನೀರಿಗಿಳಿಸದೆ, ಸಮುದ್ರವನ್ನು ಕಂಪ್ಯೂಟರಿನಲ್ಲಿ ಮಾಡಿ ಸೇರಿಸಿದರು.

ಇದು ಸಿನಿಮಾದವರ ಚಮತ್ಕಾರ ಮಾತ್ರ ಎನ್ನುವವರಿಗೆ ಒಂದು ಮಾತು. 1870ರ ದಶಕದಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೌಡ್ ಹಡಗಿನ ಪುಟ್ಟ ಮಾದರಿಗಳನ್ನು ತೊಟ್ಟಿಯಲ್ಲಿ ಎಳೆದು ನೋಡಿ, ಅಲೆಗಳು ಒಂದೇ ತೆರನಾಗಿ ಏಳಬೇಕಾದರೆ ಮಾದರಿಯ ವೇಗವನ್ನು ಉದ್ದದ ವರ್ಗಮೂಲದ ಲೆಕ್ಕದಲ್ಲಿ ಇಳಿಸಬೇಕು ಎಂದು ತೋರಿಸಿದ್ದರು. ಗಾಡ್ಜಿಲ್ಲಾದ ವರ್ಗಮೂಲವೂ ಅದೇ. ನಮ್ಮ ಕೃಷ್ಣರಾಜಸಾಗರದ ಕರ್ನಾಟಕ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರದಲ್ಲಿ ಅಣೆಕಟ್ಟುಗಳ ಮಾದರಿ ಕಟ್ಟಿ ನೀರು ಹರಿಸಿ ಪರೀಕ್ಷಿಸುವಾಗಲೂ ಇದೇ ಲೆಕ್ಕ. ಕೆ.ಆರ್.ಎಸ್.ಗೆ ಶೈಕ್ಷಣಿಕ ಪ್ರವಾಸ ಹೋಗುವ ಎಷ್ಟು ಶಾಲೆಗಳು ಬೃಂದಾವನ ನೋಡಿ ಹಿಂತಿರುಗುತ್ತವೆ!

ಈಗ ಆ ಥರ್ಮಾಕೋಲ್ ಸೌರವ್ಯೂಹಕ್ಕೆ ಬರುತ್ತೇನೆ. ಸೂರ್ಯ 14 ಸೆಂಟಿಮೀಟರಿನ ಚೆಂಡು ಎಂದಿಟ್ಟುಕೊಂಡರೆ ಭೂಮಿ 1.3 ಮಿಲಿಮೀಟರ್, ಒಂದು ಸಾಸಿವೆ ಕಾಳು. ಅದನ್ನಿಡಬೇಕಾದ್ದು 15 ಮೀಟರ್ ಆಚೆ. ನೆಪ್ಚೂನ್ ಸುಮಾರು 450 ಮೀಟರ್ ದೂರ, ಶಾಲೆಯ ಗೇಟು ದಾಟಿ ಎಲ್ಲೋ. ಅಂಗಡಿಯ ಮಾದರಿಯಲ್ಲಿ ಎಂಟೂ ಗ್ರಹಗಳು ಒಂದೇ ಹಲಗೆಯ ಮೇಲೆ ಒತ್ತೊತ್ತಾಗಿ ಕೂತಿದ್ದವು. ಹಾಗೆ ಮಾಡುವುದು ತಪ್ಪಲ್ಲ, ಎರಡು ಅಳತೆಗಳನ್ನೂ ಒಂದೇ ಹಲಗೆಗೆ ತರಲು ಯಾರಿಂದಲೂ ಆಗದು. ಆದರೆ ಎಲ್ಲಿ ಸುಳ್ಳು ಹೇಳುತ್ತಿದ್ದೇವೆ ಎಂಬುದು ನಮಗೆ ಗೊತ್ತಿರಬೇಕು, ಮಕ್ಕಳಿಗೂ ಹೇಳಬೇಕು. ಮಿನಿಯೇಚರ್ ಕಟ್ಟುವವನು ನೋಡುಗನನ್ನು ನಂಬಿಸಲು ಸುಳ್ಳು ಹೇಳುತ್ತಾನೆ, ತಾನು ಮಾತ್ರ ನಂಬುವುದಿಲ್ಲ. ನಾವು ನಮ್ಮ ಮಾದರಿಯನ್ನು ನಾವೇ ನಂಬಿ ಕೂತಿದ್ದೇವೆ.

ಇನ್ನೊಂದು ಮಾತನ್ನು ಬರೆಯಲು ಸ್ವಲ್ಪ ಅಳುಕಿದೆ. ಗುರುಗಳು ಮನ್ನಿಸಬೇಕು. ನಮ್ಮ ಸೂಕ್ಷ್ಮಬೋಧನೆಯೂ ಒಂದು ಮಿನಿಯೇಚರೇ ಅಲ್ಲವೇ? ಐವತ್ತು ಮಕ್ಕಳ ಬದಲು ಎಂಟು ಸಹಪಾಠಿಗಳು, 40 ನಿಮಿಷದ ಬದಲು ಆರು ನಿಮಿಷ, ಹಲವು ಕೌಶಲಗಳ ಬದಲು ಒಂದು. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಡ್ವೈಟ್ ಆಲೆನ್ ಮತ್ತವರ ಸಂಗಡಿಗರು ರೂಪಿಸಿದ ಈ ವಿಧಾನದ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಮೊದಲ ದಿನ ಕರಿಹಲಗೆಯ ಮುಂದೆ ನಿಂತಾಗ ನಡುಗುತ್ತಿದ್ದ ನನ್ನ ಕೈ ನಿಂತಿದ್ದು ಅದರಿಂದಲೇ. ಆದರೆ ಅಲ್ಲಿ ಏನು ಕುಗ್ಗುವುದಿಲ್ಲ ಎಂದು ನಾವು ಕೇಳಿಕೊಂಡಿದ್ದೇವೆಯೇ?

ಮಗು ಯೋಚಿಸಲು ತೆಗೆದುಕೊಳ್ಳುವ ಹೊತ್ತು ಕುಗ್ಗುವುದಿಲ್ಲ. ನನ್ನ ಪ್ರಶ್ನಿಸುವ ಕೌಶಲದ ಸೂಕ್ಷ್ಮಪಾಠದಲ್ಲಿ ಆರು ನಿಮಿಷಕ್ಕೆ ಹದಿನಾಲ್ಕು ಪ್ರಶ್ನೆ ಕೇಳಿದ್ದೆ. ಸಹಪಾಠಿಗಳಿಗೆ ಉತ್ತರ ಮೊದಲೇ ಗೊತ್ತು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ. ಗೆರೆ ಹಾಕುತ್ತಾ ಹೋದ ಅವಲೋಕನ ಪಟ್ಟಿ ತುಂಬಿತು, ನನಗೆ ಹೊಗಳಿಕೆ ಸಿಕ್ಕಿತು. ಅದೇ ಗತಿಯನ್ನು ಶಾಲೆಗೆ ಒಯ್ದೆ. ಮೊದಲ ವಾರ ನಾನು ಪ್ರಶ್ನೆ ಕೇಳುವುದು, ಯಾರೂ ಬಾಯಿ ಬಿಡದಿರುವುದು, ನಾನೇ ಉತ್ತರ ಹೇಳಿ ಮುಂದೆ ಹೋಗುವುದು, ಹೀಗೇ ನಡೆಯಿತು. ಮಕ್ಕಳು ಮಂದ ಎಂದು ದಿನಚರಿಯಲ್ಲಿ ಬರೆದೂ ಬಿಟ್ಟೆ. ಆ ವಾಕ್ಯವನ್ನು ಆಮೇಲೆ ಹೊಡೆದುಹಾಕಿದ್ದೇನೆ, ಆದರೂ ಕಾಣುತ್ತದೆ. ಶಿಕ್ಷಕರು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವೂ ಉತ್ತಮವೂ ಆಗುತ್ತವೆ ಎಂದು ಮೇರಿ ಬಡ್ ರೋ ದಶಕಗಳ ಹಿಂದೆಯೇ ತೋರಿಸಿದ್ದಾರೆ. ನಾವು ಅದನ್ನು ಓದಿದ್ದೇವೆ, ಪರೀಕ್ಷೆಗೂ ಬರೆದಿದ್ದೇವೆ. ಆದರೆ ಆರು ನಿಮಿಷದ ಪಾಠದಲ್ಲಿ ಮೂರು ಸೆಕೆಂಡು ಸುಮ್ಮನೆ ನಿಂತರೆ ಪಾಠ ಮರೆತಂತೆ ಕಾಣುತ್ತದೆ, ಯಾರು ನಿಲ್ಲುತ್ತಾರೆ? ಪಾಠವನ್ನು ಕುಗ್ಗಿಸಿದೆವು, ಕ್ಯಾಮೆರಾದ ವೇಗವನ್ನು ಹೊಂದಿಸಲಿಲ್ಲ.

ಎಲ್ಲವನ್ನೂ ಬದಲಿಸಿ ಎಂದು ಕೇಳುವಷ್ಟು ದೊಡ್ಡವಳಲ್ಲ. ನನ್ನ ಕೋರಿಕೆ ಎರಡೇ. ಪ್ರಶ್ನಿಸುವ ಕೌಶಲದ ಸೂಕ್ಷ್ಮಪಾಠಕ್ಕೆ ನಾಲ್ಕು ಪ್ರಶ್ನೆಗಳ ಮಿತಿ ಇಡಿ, ಎಷ್ಟು ಹೊತ್ತು ಕಾದರು ಎಂಬುದಕ್ಕೆ ಅವಲೋಕನ ಪಟ್ಟಿಯಲ್ಲಿ ಜಾಗ ಕೊಡಿ. ಜೊತೆಗೆ ಪಾಠಯೋಜನೆಯ ನಮೂನೆಯಲ್ಲಿ ಬೋಧನೋಪಕರಣದ ಕಾಲಮ್ಮಿನ ಪಕ್ಕ ಒಂದು ಸಾಲು ಸೇರಿಸಿ: ಈ ಮಾದರಿಯಲ್ಲಿ ಯಾವುದು ಅಳತೆಗೆ ಸರಿಯಾಗಿಲ್ಲ? ಅದಕ್ಕೆ ಉತ್ತರ ಬರೆಯಲಾಗದವರು 350 ರೂಪಾಯಿ ಉಳಿಸಿಕೊಳ್ಳಬಹುದು.

ಸಮಯ ಎಲ್ಲಿದೆ ಎಂಬ ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. ನನ್ನ ಕಾರಿನ ಪಾಠ 40 ನಿಮಿಷದಲ್ಲಿ ಮುಗಿಯಲಿಲ್ಲ, ನೀರಿನ ಹನಿಗೇ ಹತ್ತು ನಿಮಿಷ ಹೋಯಿತು, ಮನೆಗೆಲಸ ಕೊಡಲು ಮರೆತೆ. ಅದಕ್ಕೆ ಅಂಕ ಕಳೆದಿದ್ದರೆ ನನ್ನ ತಕರಾರಿಲ್ಲ. ಮೊಬೈಲು ತರಗತಿಗೆ ತರಬಾರದು ಎಂಬ ನಿಯಮವನ್ನೂ ಗೌರವಿಸುತ್ತೇನೆ, ಮುಖ್ಯ ಶಿಕ್ಷಕರ ಅನುಮತಿ ಪಡೆದೇ ಒಯ್ದಿದ್ದೆ. ಮೊಬೈಲು ಇಲ್ಲದಿದ್ದರೂ ಸಾಸಿವೆ ಮತ್ತು ಶಾಲೆಯ ಮೈದಾನ ಇದ್ದೇ ಇವೆ.

ಬೋಧನಾಭ್ಯಾಸದ ಕೊನೆಯ ದಿನ ಹೆಡ್‌ಲೈಟಿನ ಹುಡುಗಿ ಬಂದು, ರಾತ್ರಿ ಟಿವಿಯಲ್ಲಿ ಪ್ರವಾಹದ ದೃಶ್ಯ ನೋಡಿದೆ, ಹನಿ ದಪ್ಪ ಇತ್ತು, ಅದು ಆಟಿಕೆ ಊರು ಎಂದು ಮನೆಯಲ್ಲಿ ಹೇಳಿದರೆ ಅಪ್ಪ ಒಪ್ಪಲಿಲ್ಲ ಎಂದಳು. ಹಾಗಾದರೆ ಬೆಂಕಿಯೂ ಹಾಗೇನಾ ಮಿಸ್, ಎಂದೂ ಕೇಳಿದಳು. ಹೌದು, ಉರಿಯ ನಾಲಗೆಯನ್ನೂ ಬೇಕಾದಷ್ಟು ಚಿಕ್ಕದು ಮಾಡಲು ಬರುವುದಿಲ್ಲ ಎಂದೆ. ಮುಂದಿನ ತಂಡದವರು ಯಾರಾದರೂ ಆ ಶಾಲೆಗೆ ಹೋಗುವುದಾದರೆ ಕಾರು ನನ್ನ ಬಳಿ ಇದೆ, ಕೊಡುತ್ತೇನೆ. ಒಂದು ಚಕ್ರ ಕಳೆದಿದೆ, ಬೀಳಿಸಲು ತೊಂದರೆಯಿಲ್ಲ.